ಹತ್ತರಲ್ಲಿ ಎಷ್ಟು ನೋವು? ಕೀಲು ಬದಲಿಕೆಯ ಇತಿಹಾಸದಿಂದ ಒಂದು ಅಧ್ಯಾಯ

ಮಂಡಿ ಬದಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಬಂಧುಗಳನ್ನು ನೋಡಲು ನೀವು ಆಸ್ಪತ್ರೆಗೆ ಹೋಗಿದ್ದರೆ ಒಂದು ಪ್ರಶ್ನೆ ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ನರ್ಸ್ ಬಂದು ನಾಡಿ ನೋಡುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಜ್ವರ ಇದೆಯೇ ಎಂದು ಪರೀಕ್ಷಿಸುತ್ತಾರೆ. ಆಮೇಲೆ, “ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದಷ್ಟು ನೋವು. ನಿಮಗೆ ಈಗ ಎಷ್ಟಿದೆ?” ಎಂದು ಕೇಳುತ್ತಾರೆ. ರೋಗಿ ಆರೋ ಎಂಟೋ ಎನ್ನುತ್ತಾರೆ. ಆ ಅಂಕಿ ತಾಪಮಾನ, ರಕ್ತದೊತ್ತಡಗಳ ಸಾಲಿನಲ್ಲಿ ದಾಖಲಾಗುತ್ತದೆ.

ವಿಜ್ಞಾನದ ವಿದ್ಯಾರ್ಥಿಗೆ ಇಲ್ಲಿ ಸಂದೇಹ ಬರಬೇಕು. ಥರ್ಮಾಮೀಟರನ್ನು ಯಾರ ಬಾಯಲ್ಲಿಟ್ಟರೂ ಪಾದರಸ ಒಂದೇ ನಿಯಮಕ್ಕೆ ಒಳಪಟ್ಟು ಏರುತ್ತದೆ. ನೋವಿಗೆ ಅಂಥ ಪಾದರಸವಿಲ್ಲ. ಒಬ್ಬರ ಆರು ಇನ್ನೊಬ್ಬರ ಒಂಬತ್ತಾಗಿರಬಹುದು. ಹಾಗಿದ್ದೂ ಈ ಅಂಕಿಯನ್ನು ನಂಬಿ ಔಷಧ ಕೊಡುತ್ತಾರೆ, ಕೆಲವೊಮ್ಮೆ ನಂಬದೆ ನಿರಾಕರಿಸುತ್ತಾರೆ.

ಉಳಿದ ರೋಗಗಳಿಗಿಂತ ಕೀಲಿನ ವಿಷಯದಲ್ಲಿ ಈ ಪ್ರಶ್ನೆ ಗಹನವಾದದ್ದು. ಕರುಳುಬಾಲ ಒಡೆದರೆ ಜೀವ ಉಳಿಸಲು ಶಸ್ತ್ರಚಿಕಿತ್ಸೆ ಮಾಡಲೇಬೇಕು. ಸವೆದ ಮಂಡಿಯಿಂದ ಯಾರೂ ಸಾಯುವುದಿಲ್ಲ. ಕೀಲು ಬದಲಿಕೆಯ ಉದ್ದೇಶ ಮುಖ್ಯವಾಗಿ ನೋವನ್ನು ಕಳೆಯುವುದು, ಅದರ ಜೊತೆಗೆ ನಡಿಗೆಯನ್ನು ಮರಳಿ ಕೊಡುವುದು. ಹಾಗಾದರೆ ಎಷ್ಟು ನೋವಿದ್ದರೆ ಚಿಕಿತ್ಸೆಗೆ ಅರ್ಹತೆ? ಚಿಕಿತ್ಸೆಯ ನಂತರ ಎಷ್ಟು ನೋವನ್ನು ಸಹಿಸಿಕೊಳ್ಳಬೇಕು? ಕಳೆದ ಎಪ್ಪತ್ತು ವರ್ಷಗಳಲ್ಲಿ ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟದ್ದು ನರವಿಜ್ಞಾನ ಮಾತ್ರವಲ್ಲ. ಆಯಾ ಸಮಾಜದ ನಂಬಿಕೆ, ಕಾನೂನು, ವ್ಯಾಪಾರಗಳು ಅದಕ್ಕಿಂತ ಗಟ್ಟಿಯಾಗಿ ಮಾತಾಡಿದವು. ಆ ಕಥೆಯ ಬಹುಭಾಗ ಅಮೆರಿಕ ಮತ್ತು ಯೂರೋಪಿನಲ್ಲಿ ನಡೆದದ್ದು. ಕೊನೆಯಲ್ಲಿ ಅದರ ಒಂದು ಎಳೆ ನಮ್ಮ ದೇಶದ ಹೊಲಗಳಿಗೂ ಬಂದು ಸೇರುತ್ತದೆ.

ದಂತದ ಮಂಡಿ, ಪ್ಲಾಸ್ಟಿಕ್ ಬಟ್ಟಲು

ಕೃತಕ ಕೀಲಿನ ಯೋಚನೆ ಹಳೆಯದು. ಬರ್ಲಿನ್‌ನ ಥೆಮಿಸ್ಟಾಕ್ಲಿಸ್ ಗ್ಲುಕ್ ಎಂಬ ಶಸ್ತ್ರವೈದ್ಯ 1890ರಲ್ಲಿ ಕ್ಷಯದಿಂದ ಹಾಳಾದ ಮಂಡಿಗೆ ಆನೆಯ ದಂತದಲ್ಲಿ ಕಡೆದ ಕೀಲನ್ನು ಕೂರಿಸಿದ. ಸೋಂಕಿನ ಮುಂದೆ ಅದು ನಿಲ್ಲಲಿಲ್ಲ. ನಿಜವಾದ ಯಶಸ್ಸು ಬಂದದ್ದು ಇಂಗ್ಲೆಂಡಿನ ಲ್ಯಾಂಕಾಷೈರಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ. ಮೊದಲು ಕ್ಷಯರೋಗಿಗಳಿಗೆ ಮೀಸಲಾಗಿದ್ದ ಅಲ್ಲಿ ಜಾನ್ ಚಾರ್ನ್‌ಲಿ ಸೊಂಟದ ಕೀಲಿನ ಕೇಂದ್ರವನ್ನು ಕಟ್ಟಿದರು. ಅವರ ಮೊದಲ ಆಯ್ಕೆ ಟೆಫ್ಲಾನ್ ಬಟ್ಟಲು. ಅದು ಬೇಗ ಸವೆದು, ಉದುರಿದ ಪುಡಿ ಸುತ್ತಲ ಅಂಗಾಂಶವನ್ನು ಕೆರಳಿಸಿತು. ನೂರಾರು ರೋಗಿಗಳಿಗೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. 1962ರ ನವೆಂಬರಿನಲ್ಲಿ ಅವರು ಅಧಿಕ ಸಾಂದ್ರತೆಯ ಪಾಲಿಎಥಿಲೀನ್ ಬಟ್ಟಲು, ಉಕ್ಕಿನ ಸಣ್ಣ ಗುಂಡು ಮತ್ತು ಅಕ್ರಿಲಿಕ್ ಸಿಮೆಂಟನ್ನು ಜೋಡಿಸಿ ಬಳಸತೊಡಗಿದರು. ಇಂದಿನ ಸೊಂಟದ ಕೀಲು ಬದಲಿಕೆಯ ಮೂಲ ಮಾದರಿ ಇದೇ. ಮಂಡಿಗೆ ಒಪ್ಪುವ ಕೃತಕ ಕೀಲುಗಳು ರೂಪುಗೊಂಡದ್ದು ಮುಂದಿನ ದಶಕದಲ್ಲಿ.

ಇಲ್ಲಿ ಅಂಗರಚನೆಯ ಒಂದು ಅಂಶವನ್ನು ಗಮನಿಸಿ. ಕೀಲಿನಲ್ಲಿ ಸವೆಯುವ ಮೃದ್ವಸ್ಥಿಯಲ್ಲಿ ನೋವಿನ ನರತಂತುಗಳೇ ಇಲ್ಲ. ಅದರ ಕೆಳಗಿನ ಮೂಳೆ, ಕೀಲನ್ನು ಸುತ್ತುವರಿದ ಪೊರೆ ಮತ್ತು ಕವಚಗಳಲ್ಲಿ ನರತುದಿಗಳು ಹೇರಳವಾಗಿವೆ. ಮೃದ್ವಸ್ಥಿ ಎಷ್ಟು ಸವೆದಿದೆ ಎಂಬುದಕ್ಕೂ ನೋವು ಎಷ್ಟಿದೆ ಎಂಬುದಕ್ಕೂ ನೇರ ಸಂಬಂಧವಿಲ್ಲದಿರಲು ಇದೊಂದು ಕಾರಣ. ಎಕ್ಸ್-ರೇಯಲ್ಲಿ ಪೂರ್ತಿ ಹಾಳಾದ ಮಂಡಿಯವರು ಸಂತೆಗೆ ನಡೆದು ಹೋಗಿ ಬರುತ್ತಾರೆ. ಚಿತ್ರದಲ್ಲಿ ಅಷ್ಟೇನೂ ಕೆಟ್ಟಿರದ ಮಂಡಿಯವರು ರಾತ್ರಿಯೆಲ್ಲ ನಿದ್ದೆಯಿಲ್ಲದೆ ಕಳೆಯುತ್ತಾರೆ. ಈ ಅಂತರವೇ ಮುಂದಿನ ಎಲ್ಲ ಗೊಂದಲದ ಬೀಜ.

ಅರಿವು ಒಂದೇ, ಸಹನೆ ಬೇರೆ

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಅರಿವಳಿಕೆ ತಜ್ಞ ಹೆನ್ರಿ ಬೀಚರ್ ಇಟಲಿಯ ರಣರಂಗದಲ್ಲಿ ಗಾಯಗೊಂಡ ಸೈನಿಕರನ್ನು ಗಮನಿಸಿದರು. ತೀವ್ರವಾಗಿ ಗಾಯಗೊಂಡಿದ್ದರೂ ಸುಮಾರು ಮುಕ್ಕಾಲು ಪಾಲು ಮಂದಿ ನೋವಿನ ಔಷಧ ಬೇಡವೆಂದರು. 1946ರಲ್ಲಿ ಇದನ್ನು ಪ್ರಕಟಿಸಿದ ಬೀಚರ್, ಯುದ್ಧ ಮುಗಿದ ಮೇಲೆ ಅಷ್ಟೇ ಗಾತ್ರದ ಗಾಯವಿದ್ದ ನಾಗರಿಕ ರೋಗಿಗಳನ್ನು ಹೋಲಿಸಿ ನೋಡಿದರು. ಅವರಲ್ಲಿ ಹೆಚ್ಚಿನವರು ಔಷಧ ಬೇಡಿದರು. ಸೈನಿಕನಿಗೆ ಗಾಯ ಎಂದರೆ ರಣರಂಗದಿಂದ ಜೀವಂತ ಬಿಡುಗಡೆ. ನಾಗರಿಕನಿಗೆ ಅದು ವಿಪತ್ತಿನ ಆರಂಭ. ಗಾಯದ ಅಳತೆಗಿಂತ ಗಾಯದ ಅರ್ಥ ದೊಡ್ಡದು ಎಂದು ಬೀಚರ್ ವಾದಿಸಿದರು.

ಮುಂದಿನ ಹೆಜ್ಜೆಯನ್ನಿಟ್ಟವರು ಮಾನವಶಾಸ್ತ್ರಜ್ಞ ಮಾರ್ಕ್ ಝ್ಬೊರೊವ್‌ಸ್ಕಿ. ನ್ಯೂಯಾರ್ಕಿನ ಮಾಜಿ ಸೈನಿಕರ ಆಸ್ಪತ್ರೆಯೊಂದರಲ್ಲಿ, ಹೆಚ್ಚಾಗಿ ಬೆನ್ನುನೋವಿನ ರೋಗಿಗಳನ್ನು ಅವರು ಮಾತನಾಡಿಸಿದರು. 1952ರಲ್ಲಿ ಬಂದ ಅವರ ಲೇಖನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಇಟಲಿ ಮೂಲದವರೂ ಯಹೂದಿಗಳೂ ನೋವನ್ನು ಜೋರಾಗಿಯೇ ಹೇಳಿಕೊಳ್ಳುತ್ತಿದ್ದರು. ಆದರೆ ಕಾರಣ ಬೇರೆ. ಇಟಲಿಯವರಿಗೆ ಬೇಕಾದದ್ದು ಆ ಕ್ಷಣದ ಉಪಶಮನ. ಮದ್ದು ಕೊಟ್ಟು ನೋವು ಇಳಿದರೆ ಖುಷಿಯಾಗುತ್ತಿದ್ದರು. ಯಹೂದಿಗಳು ಈ ನೋವು ಮುಂದೆ ಏನಾಗುತ್ತದೆ ಎಂದು ಚಿಂತಿಸಿ, ಮದ್ದು ರೋಗವನ್ನು ಮರೆಮಾಚೀತು ಎಂದು ಅನುಮಾನಿಸುತ್ತಿದ್ದರು. ಹಲವು ತಲೆಮಾರುಗಳಿಂದ ಅಮೆರಿಕದಲ್ಲೇ ನೆಲೆಸಿದ್ದ ಬಿಳಿಯರು ಯಾವುದೋ ಯಂತ್ರದ ದೋಷವನ್ನು ವರದಿ ಮಾಡುವವರಂತೆ ನಿರ್ಲಿಪ್ತವಾಗಿ ವಿವರಿಸುತ್ತಿದ್ದರು.

ಇದು ನರದ ವ್ಯತ್ಯಾಸವೋ ನಡವಳಿಕೆಯ ವ್ಯತ್ಯಾಸವೋ? 1965ರಲ್ಲಿ ರಿಚರ್ಡ್ ಸ್ಟರ್ನ್‌ಬಾಕ್ ಮತ್ತು ಬರ್ನಾರ್ಡ್ ಟರ್ಸ್ಕಿ ಇದನ್ನು ಪ್ರಯೋಗಶಾಲೆಗೆ ತಂದರು. ನಾಲ್ಕು ಜನಾಂಗೀಯ ಹಿನ್ನೆಲೆಗಳ ಗೃಹಿಣಿಯರಿಗೆ ಸಣ್ಣ ವಿದ್ಯುತ್ ಆಘಾತ ಕೊಟ್ಟು ಕ್ರಮೇಣ ಏರಿಸುತ್ತ ಹೋದರು. ಪ್ರವಾಹ ತಗುಲಿದ್ದು ಮೊದಲು ಅರಿವಿಗೆ ಬರುವ ಮಟ್ಟದಲ್ಲಿ ನಾಲ್ಕು ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಸಾಕು, ಇನ್ನು ತಡೆಯಲಾರೆ ಎನ್ನುವ ಮಟ್ಟದಲ್ಲಿ ಅಂತರವಿತ್ತು. ತರಗತಿಯಲ್ಲಿ ಚರ್ಚಿಸಲು ಯೋಗ್ಯವಾದ ಪ್ರಯೋಗವಿದು: ಸಂವೇದನೆಯ ಹೊಸ್ತಿಲು ಮತ್ತು ಸಹನೆಯ ಮಿತಿ ಬೇರೆ ಬೇರೆ ರಾಶಿಗಳು. ಅದೇ ವರ್ಷ ರೊನಾಲ್ಡ್ ಮೆಲ್‌ಝ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ತಮ್ಮ ದ್ವಾರ ಸಿದ್ಧಾಂತವನ್ನು ಮಂಡಿಸಿದರು. ನೋವಿನ ಸಂಕೇತಗಳು ಮಿದುಳುಬಳ್ಳಿಯನ್ನು ತಲುಪುವಲ್ಲಿ ಒಂದು ಬಗೆಯ ಬಾಗಿಲಿದೆ. ಮಿದುಳಿನಿಂದ ಇಳಿದು ಬರುವ ಸಂಕೇತಗಳೂ ಅದನ್ನು ತೆರೆಯಬಲ್ಲವು, ಮುಚ್ಚಬಲ್ಲವು ಎಂಬುದು ಅದರ ಸಾರ. ವಿವರಗಳಲ್ಲಿ ಮುಂದೆ ತಿದ್ದುಪಡಿಯಾದರೂ, ಭಯ, ನಿರೀಕ್ಷೆ, ರೂಢಿಗಳು ನೋವನ್ನು ಬದಲಿಸುವುದಕ್ಕೆ ಶರೀರದಲ್ಲೇ ದಾರಿಯಿದೆ ಎಂಬ ಮುಖ್ಯ ಅಂಶ ಉಳಿದುಕೊಂಡಿತು.

ನೋವನ್ನು ಅಂಕಿಗಿಂತ ಮಾತಿನಲ್ಲಿ ಹಿಡಿಯಬಹುದೆಂದು ಮೆಲ್‌ಝ್ಯಾಕ್ 1975ರಲ್ಲಿ 78 ಪದಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಕನ್ನಡದಲ್ಲಿ ಇಂಥದೊಂದನ್ನು ನೀವೇ ಮಾಡಿ ನೋಡಿ: ಚುಚ್ಚು, ಉರಿ, ಸೆಳೆತ, ತಿವಿತ, ಹಿಂಡು, ಜೋಮು, ಕುಟುಕು, ನುಲಿತ. ನಮ್ಮ ಹಳ್ಳಿಯ ಅಜ್ಜಿ “ಕಾಲು ಎಳೀತದೆ”, “ಮಂಡಿ ಹಿಡ್ಕೊಂಡದೆ” ಎಂದಾಗ ಅದರಲ್ಲಿರುವ ಮಾಹಿತಿ ಹತ್ತಕ್ಕೆ ಏಳು ಎಂಬುದರಲ್ಲಿ ಇಲ್ಲ.

ಆದರೆ ಈ ಸಂಶೋಧನೆಗಳಿಗೆ ಒಂದು ಕೆಟ್ಟ ಬಾಲವೂ ಬೆಳೆಯಿತು. ಇಂಥ ಜನ ಹೀಗೆಯೇ ಎಂಬ ಪಟ್ಟಿಗಳು ಪಠ್ಯಪುಸ್ತಕ ಸೇರಿದವು. 2017ರಲ್ಲಿ ಅಮೆರಿಕದ ನರ್ಸಿಂಗ್ ಪಠ್ಯವೊಂದರಲ್ಲಿ ಅಂಥ ಪಟ್ಟಿಯಿತ್ತೆಂದು ಆಕ್ಷೇಪ ಎದ್ದು, ಪ್ರಕಾಶಕರಾದ ಪಿಯರ್ಸನ್ ಕ್ಷಮೆ ಕೇಳಿ ಅದನ್ನು ತೆಗೆದುಹಾಕಿದರು. ಮುಂದಿನ ಜನ್ಮ ಚೆನ್ನಾಗಿರಲೆಂದು ಹಿಂದೂಗಳು ನೋವನ್ನು ಸಹಿಸುತ್ತಾರೆ ಎಂಬ ಅರ್ಥದ ಮಾತೂ ಅದರಲ್ಲಿತ್ತು! ಶಸ್ತ್ರಚಿಕಿತ್ಸೆಯಾದ ರಾತ್ರಿ ಇಂಜೆಕ್ಷನ್‌ಗಾಗಿ ಕಾಯುತ್ತಿರುವ ಭಾರತೀಯ ರೋಗಿಯ ಪಕ್ಕದಲ್ಲಿ ಈ ಪುಟವನ್ನು ಓದಿ ಬಂದ ನರ್ಸ್ ನಿಂತಿದ್ದಾರೆಂದು ಊಹಿಸಿಕೊಳ್ಳಿ. ಝ್ಬೊರೊವ್‌ಸ್ಕಿ ಕೇಳಿಸಿಕೊಳ್ಳಲು ಹೊರಟಿದ್ದರು. ಪಟ್ಟಿ ಬರೆದವರು ಕೇಳಿಸಿಕೊಳ್ಳುವ ಅಗತ್ಯವನ್ನೇ ತಪ್ಪಿಸಿದರು.

ಶಸ್ತ್ರಚಿಕಿತ್ಸೆಗೆ ಮೊದಲು: ಯಾರ ನೋವು ನೋವು?

ಮೂಳೆ ವೈದ್ಯರ ಬಳಿ ಎಕ್ಸ್-ರೇ ಒಯ್ದರೆ “ಗ್ರೇಡ್ ಮೂರು”, “ಗ್ರೇಡ್ ನಾಲ್ಕು” ಎನ್ನುವುದನ್ನು ಕೇಳಿರುತ್ತೀರಿ. ಈ ಶ್ರೇಣಿಯನ್ನು 1957ರಲ್ಲಿ ಪ್ರಕಟಿಸಿದವರು ಮ್ಯಾಂಚೆಸ್ಟರಿನ ಕೆಲ್‌ಗ್ರೆನ್ ಮತ್ತು ಲಾರೆನ್ಸ್. ಕೆಲ್‌ಗ್ರೆನ್ ಕುತೂಹಲದ ವ್ಯಕ್ತಿ. 1930ರ ದಶಕದಲ್ಲಿ ಅವರು ಸ್ನಾಯುಗಳಿಗೆ ಉಪ್ಪಿನ ದ್ರಾವಣ ಚುಚ್ಚಿ, ಒಂದು ಕಡೆಯ ನೋವು ಇನ್ನೊಂದು ಕಡೆ ಅನುಭವಕ್ಕೆ ಬರುವ ಪರಿಯನ್ನು ಗುರುತಿಸಿದ್ದರು. ನೋವು ಎಷ್ಟು ಮೋಸಗಾರ ಎಂಬುದನ್ನು ಬಲ್ಲವರೇ ಎಕ್ಸ್-ರೇಯ ಅಳತೆಗೋಲನ್ನು ಕೊಟ್ಟರು ಎಂಬುದು ಸ್ವಾರಸ್ಯ. ಆ ಅಳತೆಗೋಲು ಸಿದ್ಧವಾದದ್ದು ಉತ್ತರ ಇಂಗ್ಲೆಂಡಿನ ಬಿಳಿಯ ಜನರ ಚಿತ್ರಗಳಿಂದ. ಮುಂದೆ ಅದು ಜಗತ್ತಿಗೆಲ್ಲ ಅನ್ವಯವಾಯಿತು.

ಅಮೆರಿಕದಲ್ಲಿ ಒಂದು ಒಗಟು ಬಹುಕಾಲ ಉಳಿದಿತ್ತು. ಒಂದೇ ಗ್ರೇಡಿನ ಮಂಡಿಯಿದ್ದರೂ ಕಪ್ಪು ರೋಗಿಗಳು ಬಿಳಿಯರಿಗಿಂತ ಹೆಚ್ಚು ನೋವು ಹೇಳುತ್ತಿದ್ದರು. ಕೀಲು ಬದಲಿಕೆ ಮಾತ್ರ ಅವರಿಗೆ ಕಡಿಮೆ ಆಗುತ್ತಿತ್ತು. ಎಕ್ಸ್-ರೇಯಲ್ಲಿ ಕಾಣದ ನೋವು ಮನಸ್ಸಿನದು, ಸಂಸ್ಕೃತಿಯದು ಎಂಬ ವಿವರಣೆ ಸುಲಭವಾಗಿ ಸಿಗುತ್ತಿತ್ತು. 2021ರಲ್ಲಿ ಎಮಾ ಪಿಯರ್ಸನ್, ಝಿಯಾದ್ ಓಬರ್‌ಮೇಯರ್ ಮತ್ತು ಸಂಗಡಿಗರು ಒಂದು ಕಂಪ್ಯೂಟರ್ ಕ್ರಮವಿಧಿಗೆ ಸಾವಿರಾರು ಮಂಡಿಗಳ ಎಕ್ಸ್-ರೇಗಳನ್ನು ಉಣಿಸಿದರು. ವೈದ್ಯರ ಗ್ರೇಡನ್ನು ಊಹಿಸುವುದನ್ನು ಅದಕ್ಕೆ ಕಲಿಸಲಿಲ್ಲ. ರೋಗಿ ಹೇಳಿದ ನೋವನ್ನು ಊಹಿಸುವುದನ್ನು ಕಲಿಸಿದರು. ಕಪ್ಪು ಮತ್ತು ಬಿಳಿ ರೋಗಿಗಳ ನೋವಿನ ಅಂತರದಲ್ಲಿ ಹಳೆಯ ಶ್ರೇಣಿ ವಿವರಿಸಿದ್ದು ಕೇವಲ ಶೇ. 9. ಕಂಪ್ಯೂಟರ್ ಶೇ. 43ರಷ್ಟನ್ನು ಅದೇ ಚಿತ್ರಗಳಿಂದ ವಿವರಿಸಿತು. ಅಂದರೆ ಆ ನೋವಿನ ಗುರುತು ಮಂಡಿಯೊಳಗೇ ಇತ್ತು. 1957ರ ಅಳತೆಗೋಲಿಗೆ ಅದು ಕಂಡಿರಲಿಲ್ಲ, ಅಷ್ಟೆ. “ಸಾಂಸ್ಕೃತಿಕ” ಎಂಬ ಪದವನ್ನು ಬಳಸುವ ಮುನ್ನ ಉಪಕರಣವನ್ನು ಪರೀಕ್ಷಿಸಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗೆಂದು ನಿರೀಕ್ಷೆಗಳ ಪಾತ್ರವೇ ಇಲ್ಲವೆಂದಲ್ಲ. ಅದೇ ಅಮೆರಿಕದಲ್ಲಿ ಸಯೀದ್ ಇಬ್ರಾಹಿಂ ಮತ್ತು ಸಂಗಡಿಗರು 2000ದ ದಶಕದ ಆರಂಭದಲ್ಲಿ ಸಂಧಿವಾತವಿದ್ದ ಮಾಜಿ ಸೈನಿಕರನ್ನು ಪ್ರಶ್ನಿಸಿದ್ದರು. ಕೀಲು ಬದಲಿಕೆಯ ನಂತರ ಆಸ್ಪತ್ರೆವಾಸ ದೀರ್ಘವಾಗುತ್ತದೆ, ನೋವು ಉಳಿಯುತ್ತದೆ, ನಡೆಯುವುದು ಕಷ್ಟವಾಗುತ್ತದೆ ಎಂದು ನಿರೀಕ್ಷಿಸಿದವರು ಕಪ್ಪು ರೋಗಿಗಳಲ್ಲಿ ಹೆಚ್ಚಿದ್ದರು. ಅವರು ಶಸ್ತ್ರಚಿಕಿತ್ಸೆಗೆ ಹಿಂಜರಿಯಲು ಈ ನಿರೀಕ್ಷೆ ಮುಖ್ಯ ಕಾರಣವಾಗಿತ್ತು. ಪ್ರಾರ್ಥನೆ ನೆರವಾಗುತ್ತದೆಂಬ ನಂಬಿಕೆಯೂ ಅವರಲ್ಲಿ ಹೆಚ್ಚು. ಸುತ್ತಮುತ್ತ ಚಿಕಿತ್ಸೆ ಪಡೆದು ಚೇತರಿಸಿಕೊಂಡವರು ವಿರಳವಾದಾಗ ಇಂಥ ನಿರೀಕ್ಷೆ ಅಸಹಜವೇನಲ್ಲ.

ಇನ್ನು ಸ್ತ್ರೀ ಪುರುಷ ಭೇದ. ಕೆನಡಾದ ಒಂಟಾರಿಯೋದಲ್ಲಿ ಗಿಲಿಯನ್ ಹಾಕರ್ ತಂಡ 2000ದಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಕೀಲು ಬದಲಿಕೆ ಬೇಕಾಗಿದ್ದೂ ಸಿಗದವರ ಪ್ರಮಾಣ ಹೆಂಗಸರಲ್ಲಿ ಗಂಡಸರ ಮೂರು ಪಟ್ಟಿಗೂ ಹೆಚ್ಚು. ಇದು ಹೆಂಗಸರ ಹಿಂಜರಿಕೆಯೋ ವೈದ್ಯರದೋ ಎಂದು ತಿಳಿಯಲು ಒಂದು ಜಾಣ ಪ್ರಯೋಗ ನಡೆಯಿತು. ಒಂದೇ ಮಟ್ಟದ ಮಂಡಿ ಸವೆತವಿದ್ದ ಒಬ್ಬ ಗಂಡಸು, ಒಬ್ಬ ಹೆಂಗಸು ಒಂದೇ ಬಗೆಯ ದೂರು ಹೇಳಲು ತರಬೇತಿ ಪಡೆದು 71 ವೈದ್ಯರನ್ನು ಭೇಟಿಯಾದರು. ಗಂಡಸಿಗೆ ಮಂಡಿ ಬದಲಿಕೆ ಸೂಚಿಸಿದವರು ಶೇ. 67, ಹೆಂಗಸಿಗೆ ಸೂಚಿಸಿದವರು ಶೇ. 33. ಇದು ಪ್ರಕಟವಾದದ್ದು 2008ರಲ್ಲಿ. ಹೆಂಗಸು ನೋವು ಹೇಳಿದರೆ ಅದು ಸ್ವಭಾವ, ಗಂಡಸು ಹೇಳಿದರೆ ಅದು ರೋಗ ಎಂಬ ಹಳೆಯ ಧೋರಣೆ ಬಿಳಿ ಕೋಟಿನೊಳಗೂ ಇತ್ತು ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಕಾಯುವುದರಿಂದ ನಷ್ಟವೇನು ಎಂದು ನೀವು ಕೇಳಬಹುದು. ತೊಡೆಯ ಸ್ನಾಯು ಸೊರಗುತ್ತದೆ, ಕೀಲು ಗಡುಸಾಗುತ್ತದೆ. ದೀರ್ಘಕಾಲದ ನೋವು ಮಿದುಳುಬಳ್ಳಿಯ ನರಕೋಶಗಳನ್ನೇ ಹೆಚ್ಚು ಸೂಕ್ಷ್ಮಗೊಳಿಸುತ್ತದೆ ಎಂಬುದನ್ನು ಕ್ಲಿಫರ್ಡ್ ವೂಲ್ಫ್ 1983ರ ಪ್ರಯೋಗಗಳಿಂದ ತೋರಿಸಲಾರಂಭಿಸಿದರು. ತೀರ ಕೆಟ್ಟ ಸ್ಥಿತಿಯಲ್ಲಿ ಶಸ್ತ್ರಚಿಕಿತ್ಸೆಗೆ ಬಂದವರು ಚೇತರಿಸಿಕೊಂಡರೂ, ಮೊದಲೇ ಬಂದವರ ಮಟ್ಟವನ್ನು ಮುಟ್ಟುವುದಿಲ್ಲ ಎಂದು ಪಾಲ್ ಫೋರ್ಟಿನ್ ತಂಡ 1999ರಲ್ಲಿ ವರದಿ ಮಾಡಿತು. ವಯಸ್ಸಾಯಿತು, ಇಷ್ಟೆಲ್ಲ ಇದ್ದದ್ದೇ ಎಂದು ಮನೆಮಂದಿ ಸುಮ್ಮನಾಗಿಸುವ ನೋವಿಗೆ ಹೀಗೊಂದು ಬೆಲೆ ಇದೆ. ಇನ್ನೊಂದು ಬದಿಯನ್ನೂ ಹೇಳಬೇಕು: ಮಂಡಿ ಬದಲಿಕೆಯಾದ ಸುಮಾರು ಐವರಲ್ಲಿ ಒಬ್ಬರಿಗೆ ನೋವು ಒಂದಿಷ್ಟು ಉಳಿದೇ ಉಳಿಯುತ್ತದೆ. ಆದ್ದರಿಂದ ಅವಸರವೂ ಜಾಣತನವಲ್ಲ.

ಶಸ್ತ್ರಚಿಕಿತ್ಸೆಯ ನಂತರ: ಐದು ವಾಕ್ಯಗಳ ಪತ್ರ

ಮಂಡಿ ಬದಲಿಕೆಯಲ್ಲಿ ಎರಡು ಮೂಳೆಗಳ ತುದಿಯನ್ನು ಗರಗಸದಿಂದ ಕತ್ತರಿಸುತ್ತಾರೆ. ಆನಂತರದ ನೋವು ಸಣ್ಣದಲ್ಲ. ಆದರೆ ರೋಗಿ ಆ ದಿನವೇ ಅಥವಾ ಮರುದಿನವೇ ಎದ್ದು ನಿಲ್ಲಬೇಕು, ಮಂಡಿ ಮಡಿಸಬೇಕು. ಇಲ್ಲವಾದರೆ ಕೀಲು ಬಿಗಿಯುತ್ತದೆ, ಕಾಲಿನ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ಇಲ್ಲಿ ನೋವು ತಗ್ಗಿಸುವುದು ಕೇವಲ ಕರುಣೆಯ ಕೆಲಸವಲ್ಲ, ಚಿಕಿತ್ಸೆಯ ಭಾಗ. ಪ್ರಶ್ನೆ ಇರುವುದು ಹೇಗೆ ಎಂಬುದರಲ್ಲಿ.

ಇಪ್ಪತ್ತನೆಯ ಶತಮಾನದ ಬಹುಪಾಲು ಅಮೆರಿಕದ ವೈದ್ಯರು ಮಾರ್ಫೀನ್ ಎಂದರೆ ಹೆದರುತ್ತಿದ್ದರು. ಚಟ ಹತ್ತೀತೆಂಬ ಭಯದಲ್ಲಿ ಕೊಡಬೇಕಾದಷ್ಟನ್ನೂ ಕೊಡುತ್ತಿರಲಿಲ್ಲ. ಇದು ತಪ್ಪೆಂದು 1980, 90ರ ದಶಕಗಳಲ್ಲಿ ಎದ್ದ ಕೂಗು ನ್ಯಾಯವಾದದ್ದೇ. ಲಾಸ್ ಏಂಜಲೀಸ್‌ನ ಒಂದು ಆಸ್ಪತ್ರೆಯಲ್ಲಿ ಕೈಕಾಲಿನ ಉದ್ದ ಮೂಳೆ ಮುರಿದು ಬಂದ ಹಿಸ್ಪಾನಿಕ್ ರೋಗಿಗಳಲ್ಲಿ ಶೇ. 55 ಮಂದಿಗೆ, ಬಿಳಿಯರಲ್ಲಿ ಶೇ. 26 ಮಂದಿಗೆ ಯಾವುದೇ ನೋವಿನ ಔಷಧ ಸಿಕ್ಕಿರಲಿಲ್ಲ ಎಂದು 1993ರ ಅಧ್ಯಯನವೊಂದು ಬಯಲು ಮಾಡಿತು. 1995ರಲ್ಲಿ ಅಮೆರಿಕದ ನೋವು ಸಂಘದ ಅಧ್ಯಕ್ಷರಾಗಿದ್ದ ಜೇಮ್ಸ್ ಕ್ಯಾಂಪ್‌ಬೆಲ್, ನಾಡಿ, ಉಸಿರು, ತಾಪ, ರಕ್ತದೊತ್ತಡಗಳ ಜೊತೆ ನೋವನ್ನು ಐದನೆಯ ಜೀವಸೂಚಿ ಎಂದು ಪರಿಗಣಿಸಬೇಕೆಂದು ಕರೆ ಕೊಟ್ಟರು. 2001ರಿಂದ ಆಸ್ಪತ್ರೆಗಳಿಗೆ ಮಾನ್ಯತೆ ನೀಡುವ ಸಂಸ್ಥೆ ನೋವಿನ ಅಳತೆಯನ್ನು ಎಲ್ಲೆಡೆ ನಿರೀಕ್ಷಿಸತೊಡಗಿತು. ನಾವು ಮೊದಲಿಗೆ ಕಂಡ ಹತ್ತರ ಅಂಕಿ ಹಾಸಿಗೆ ಹಾಸಿಗೆಗೂ ಬಂದದ್ದು ಹೀಗೆ.

ಒಳ್ಳೆಯ ಉದ್ದೇಶ ಮತ್ತು ಕೆಟ್ಟ ಪುರಾವೆ ಇಲ್ಲಿ ಜೊತೆಯಾದವು. 1980ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯೊಂದು ಪೋರ್ಟರ್ ಮತ್ತು ಜಿಕ್ ಎಂಬಿಬ್ಬರ ಪುಟ್ಟ ಪತ್ರವನ್ನು ಪ್ರಕಟಿಸಿತ್ತು. ಅದರಲ್ಲಿದ್ದದ್ದು ಐದೇ ವಾಕ್ಯ. ಆಸ್ಪತ್ರೆಯಲ್ಲಿ ಅಫೀಮು ವರ್ಗದ ಔಷಧ ಪಡೆದ 11,882 ರೋಗಿಗಳ ದಾಖಲೆಗಳಲ್ಲಿ ಚಟ ಹತ್ತಿದ್ದು ನಾಲ್ವರಿಗೆ ಮಾತ್ರ ಎಂಬುದು ಅದರ ತಿರುಳು. ಆಸ್ಪತ್ರೆಯ ಕಣ್ಗಾವಲಿನಲ್ಲಿ ಇದ್ದವರ ಮಾತು ಅದು. ಮಾತ್ರೆಯ ಡಬ್ಬಿ ಹಿಡಿದು ಮನೆಗೆ ಹೋದವರ ಮಾತಲ್ಲ. ಆದರೂ ಅದು ನೂರಾರು ಲೇಖನಗಳಲ್ಲಿ “ಚಟದ ಅಪಾಯ ಅತ್ಯಲ್ಪ” ಎಂಬುದಕ್ಕೆ ಆಧಾರವಾಯಿತು. ವಿಧಾನವೇ ಇಲ್ಲದ ಒಂದು ಟಿಪ್ಪಣಿ ಹೇಗೆ ಸತ್ಯವಾಗಿಬಿಡುತ್ತದೆ ನೋಡಿ! 1996ರಲ್ಲಿ ಪರ್ಡ್ಯೂ ಕಂಪನಿ ನಿಧಾನವಾಗಿ ಬಿಡುಗಡೆಯಾಗುವ ಆಕ್ಸಿಕೋಡೋನ್ ಮಾತ್ರೆಯನ್ನು ಆಕ್ಸಿಕಾಂಟಿನ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಚಟದ ಅಪಾಯವನ್ನು ಕಡಿಮೆ ಮಾಡಿ ತೋರಿಸಿದ ತಪ್ಪನ್ನು ಕಂಪನಿಯ ಕಡೆಯವರು 2007ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡು, 60 ಕೋಟಿ ಡಾಲರ್ ದಂಡ ತೆತ್ತರು.

ಕೀಲು ಬದಲಿಕೆಯಾದವರಿಗೆ ಇದರಿಂದ ಆದದ್ದೇನು? ಮಿಚಿಗನ್ನಿನ ಸಂಶೋಧಕರು 2016ರಲ್ಲಿ ಲೆಕ್ಕ ಕೊಟ್ಟರು. ಶಸ್ತ್ರಚಿಕಿತ್ಸೆಯ ದಿನ ಇಂಥ ಔಷಧ ಬಳಸದೇ ಇದ್ದ ಮಂಡಿ ರೋಗಿಗಳಲ್ಲಿ ಶೇ. 8.2 ಮಂದಿ ಆರು ತಿಂಗಳ ನಂತರ ಅದನ್ನು ಬಳಸುತ್ತಿದ್ದರು. ಸೊಂಟದ ಕೀಲಿನವರಲ್ಲಿ ಶೇ. 4.3. ಮೊದಲೇ ಬಳಸುತ್ತಿದ್ದ ಮಂಡಿ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮುಂದುವರಿಸಿದ್ದರು. ಇವರೆಲ್ಲ ವ್ಯಸನಿಗಳೆಂದು ಅರ್ಥವಲ್ಲ; ನೋವು ಕಳೆಯಲೆಂದು ಕೀಲು ಬದಲಿಸಿ, ಮಾತ್ರೆಯನ್ನು ಉಳಿಸಿಕೊಂಡವರು. ಅಮೆರಿಕದಲ್ಲಿ ಮಾದಕ ದ್ರವ್ಯಗಳ ಅತಿಸೇವನೆಯಿಂದ 2021ರಲ್ಲಿ 1 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಆ ಹೊತ್ತಿಗೆ ಮುಖ್ಯ ಕೊಲೆಗಾರ ಅಕ್ರಮ ಫೆಂಟನಿಲ್ ಆಗಿತ್ತು. ಆದರೆ ಅಲೆಯ ಮೊದಲ ಭಾಗ ವೈದ್ಯರ ಚೀಟಿಯಿಂದ ಹುಟ್ಟಿದ್ದು.

ಅದೇ ಕಾಲದಲ್ಲಿ ಯೂರೋಪಿನಲ್ಲಿ ಬೇರೆಯ ದಾರಿಯಿತ್ತು. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ 1990ರ ದಶಕದಿಂದ ಬಹುವಿಧ ನೋವು ನಿವಾರಣೆಯನ್ನು ಪ್ರತಿಪಾದಿಸಿದರು. ಅದರ ತರ್ಕ ಸರಳ. ನೋವಿನ ಸಂಕೇತಕ್ಕೆ ಹಲವು ಹಂತಗಳಿವೆ. ಗಾಯದಲ್ಲಿ ಪ್ರೋಸ್ಟಗ್ಲಾಂಡಿನ್ ಉತ್ಪತ್ತಿಯನ್ನು ಉರಿಯೂತ ನಿರೋಧಕ ಮಾತ್ರೆ ತಡೆಯುತ್ತದೆ. ಕೀಲಿನ ಸುತ್ತ ಚುಚ್ಚಿದ ಸ್ಥಳೀಯ ಅರಿವಳಿಕೆ ನರತಂತುಗಳ ಸೋಡಿಯಂ ನಾಳಗಳನ್ನು ಮುಚ್ಚುತ್ತದೆ. ಪ್ಯಾರಾಸಿಟಮಾಲ್ ಮುಖ್ಯವಾಗಿ ಕೇಂದ್ರ ನರಮಂಡಲದಲ್ಲಿ ಕೆಲಸ ಮಾಡುತ್ತದೆ. ಪ್ರತಿ ಹಂತದಲ್ಲೂ ಅಷ್ಟಷ್ಟು ತಡೆದರೆ ಅಫೀಮು ವರ್ಗದ ಔಷಧಕ್ಕೆ ಉಳಿಯುವ ಕೆಲಸ ಕಡಿಮೆ. ಹೀಗೆ ಮಾಡಿ, ಬೇಗ ನಡೆಸಿ, ಒಂದು ವಾರಕ್ಕೂ ಮೀರಿದ್ದ ಆಸ್ಪತ್ರೆವಾಸವನ್ನು ಅಲ್ಲಿ ಎರಡು ಮೂರು ದಿನಕ್ಕೆ ಇಳಿಸಿದರು.

2019ರಲ್ಲಿ ಮೂರು ದೇಶಗಳ ಹೋಲಿಕೆಯೊಂದು ಬಂತು. ಅದು ಪಿತ್ತಕೋಶ, ಸ್ತನದ ಗಂಟಿನಂಥ ಸಾಮಾನ್ಯ ಶಸ್ತ್ರಚಿಕಿತ್ಸೆಗಳ ಜೊತೆ ಮಂಡಿಯ ಚಂದ್ರಾಕಾರ ಮೃದ್ವಸ್ಥಿಯನ್ನು ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ಒಳಗೊಂಡಿತ್ತು. ಮನೆಗೆ ಮರಳಿದ ವಾರದೊಳಗೆ ಅಫೀಮು ವರ್ಗದ ಔಷಧ ಕೊಂಡವರು ಅಮೆರಿಕದಲ್ಲಿ ಶೇ. 76, ಕೆನಡಾದಲ್ಲಿ ಶೇ. 79. ಸ್ವೀಡನ್ನಿನಲ್ಲಿ ಶೇ. 11. ಸ್ವೀಡಿಷ್ ನರತಂತು ಅಮೆರಿಕದ ನರತಂತುವಿಗಿಂತ ಏಳು ಪಟ್ಟು ಗಟ್ಟಿಯೆಂದು ಯಾರೂ ವಾದಿಸಲಾರರು. ಸ್ವಲ್ಪ ನೋವು ಇರುತ್ತದೆ, ಕೆಲವು ದಿನಗಳಲ್ಲಿ ಇಳಿಯುತ್ತದೆ ಎಂದು ಮೊದಲೇ ಹೇಳುವ ವೈದ್ಯರು, ಅದನ್ನು ನಂಬುವ ರೋಗಿಗಳು ಇದ್ದಲ್ಲಿ ಕತೆ ಬೇರೆಯಾಗುತ್ತದೆ. ಅಮೆರಿಕದ ವೈದ್ಯರ ಸಂಘ 2016ರಲ್ಲಿ ಐದನೆಯ ಜೀವಸೂಚಿಯ ಕಲ್ಪನೆಯನ್ನು ಕೈಬಿಡಲು ನಿರ್ಣಯಿಸಿತು. 2018ರಿಂದ ಜಾರಿಯಾದ ಮಾನ್ಯತೆಯ ಹೊಸ ನಿಯಮಗಳು ಅಂಕಿಯ ಜೊತೆಗೆ, ರೋಗಿ ಏನು ಮಾಡಬಲ್ಲ ಎಂಬುದನ್ನು ಗಮನಿಸಲು ಹೇಳಿದವು: ತಿರುಗಿ ಮಲಗಬಲ್ಲರೇ, ಕೆಮ್ಮಬಲ್ಲರೇ, ನಡೆಯಬಲ್ಲರೇ.

ಗಸಗಸೆಯ ಹೊಲದಿಂದ

ಈಗ ನಮ್ಮ ದೇಶದ ಎಳೆ. ಔಷಧಕ್ಕಾಗಿ ಸರ್ಕಾರದ ಪರವಾನಗಿಯಲ್ಲಿ ಅಫೀಮು ಬೆಳೆಯುವ ಪ್ರಮುಖ ದೇಶ ಭಾರತ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ಹೊಲಗಳಲ್ಲಿ ಕಾಯಿ ಗೀರಿ ತೆಗೆದ ಅಂಟು ನೀಮಚ್ ಮತ್ತು ಗಾಜಿಪುರದ ಸರ್ಕಾರಿ ಕಾರ್ಖಾನೆಗಳಿಗೆ ಬರುತ್ತದೆ. ಅಮೆರಿಕ 1981ರಲ್ಲಿ ಮಾಡಿಕೊಂಡ ನಿಯಮದ ಪ್ರಕಾರ ಅದು ಆಮದು ಮಾಡಿಕೊಳ್ಳುವ ಇಂಥ ಕಚ್ಚಾವಸ್ತುವಿನಲ್ಲಿ ಕನಿಷ್ಠ ಶೇ. 80 ಭಾರತ ಮತ್ತು ಟರ್ಕಿಯಿಂದ ಬರಬೇಕಿತ್ತು. ಮುಂದೆ ಆಕ್ಸಿಕೋಡೋನ್‌ಗೆ ಬೇಕಾದ ಥಿಬೇನ್ ಹೆಚ್ಚಾಗಿ ಸಿಗುವ ಗಿಡದ ತಳಿಯನ್ನು ಆಸ್ಟ್ರೇಲಿಯದ ಟಾಸ್ಮೇನಿಯದಲ್ಲಿ ಬೆಳೆದರು. ಅದು ಬೇರೆ ಕಥೆ.

ಹೊರಗೆ ಕಳುಹಿಸುತ್ತಿದ್ದ ನಾವು ಒಳಗೆ ಬಳಸಿದ್ದು ಅತ್ಯಲ್ಪ. 1985ರ ಮಾದಕ ದ್ರವ್ಯ ಕಾಯಿದೆಯ ಕಠಿಣ ಶಿಕ್ಷೆಗಳಿಗೆ, ಹಲವು ಪರವಾನಗಿಗಳ ತೊಡಕಿಗೆ ಹೆದರಿ ಆಸ್ಪತ್ರೆಗಳೂ ಔಷಧ ಅಂಗಡಿಗಳೂ ಮಾರ್ಫೀನ್ ಇಡುವುದನ್ನೇ ಬಿಟ್ಟವು. ದೇಶದ ವೈದ್ಯಕೀಯ ಮಾರ್ಫೀನ್ ಬಳಕೆ ಕುಸಿಯಿತು. ಹೆಚ್ಚು ನರಳಿದವರು ಕ್ಯಾನ್ಸರ್ ರೋಗಿಗಳು. ಕೇರಳದ ಡಾ. ಎಂ. ಆರ್. ರಾಜಗೋಪಾಲ್ ಮತ್ತಿತರರ ದೀರ್ಘ ಪ್ರಯತ್ನದ ನಂತರ 2014ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಅಗತ್ಯ ಔಷಧಗಳಿಗೆ ಪರವಾನಗಿ ಸರಳವಾಯಿತು. ಅಮೆರಿಕ ಒಂದು ಅತಿಗೆ ಹೋದಾಗ ನಾವು ಇನ್ನೊಂದು ಅತಿಯಲ್ಲಿದ್ದೆವು.

ನಮ್ಮಲ್ಲಿ ಮಂಡಿ ಬದಲಿಕೆಯೇ ಹೆಚ್ಚು, ಸೊಂಟದ್ದು ಕಡಿಮೆ. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಕೃತಕ ಮಂಡಿಯ ಬೆಲೆಗೆ ಮಿತಿ ಹಾಕಿದ ಮೇಲೆ ಅದು ಇನ್ನಷ್ಟು ಮನೆಗಳ ಅಳವಿಗೆ ಬಂದಿದೆ. ಆನಂತರದ ದಿನಗಳಲ್ಲಿ ಪ್ಯಾರಾಸಿಟಮಾಲ್ ಜೊತೆಗೆ ಕೊಡುವ ಟ್ರಮಡಾಲ್ ಅಫೀಮು ವರ್ಗದ್ದೇ, ಆದರೆ ದುರ್ಬಲವಾದದ್ದು. ಅದರ ದುರ್ಬಳಕೆ ಕಂಡುಬಂದು 2018ರ ಏಪ್ರಿಲ್‌ನಲ್ಲಿ ಅದನ್ನೂ ಅದೇ 1985ರ ಕಾಯಿದೆಯಡಿ ತರಲಾಯಿತು. ಹಾಗಾಗಿ ನಿಮ್ಮ ಮನೆಯ ಹಿರಿಯರು ಹೊಸ ಮಂಡಿಯೊಂದಿಗೆ ಆಸ್ಪತ್ರೆಯಿಂದ ಹೊರಡುವಾಗ ಮೂರು ವಿಷಯ ಕೇಳಿ ಬರೆದುಕೊಳ್ಳಿ: ಯಾವ ಮಾತ್ರೆಯನ್ನು ನೋವು ಬರುವ ಮೊದಲೇ ಗಡಿಯಾರ ನೋಡಿ ನುಂಗಬೇಕು, ಯಾವುದನ್ನು ವ್ಯಾಯಾಮ ಮಾಡಲಾಗದಷ್ಟು ನೋವಿದ್ದಾಗ ಮಾತ್ರ, ಮತ್ತು ಎರಡನೆಯದನ್ನು ಎಷ್ಟನೆಯ ದಿನದಿಂದ ಇಳಿಸುತ್ತ ಬರಬೇಕು.